ಪಟದಲ್ಲಿ ಕಡಲು

ಮಂಗಳವಾರ ಸಂಜೆ ಕೋಲು ಹಿಡಿಯುವ ಕೆಲಸ ನನ್ನದು.
ಹನ್ನೊಂದು ವರ್ಷ ನನಗಾಗ, ತೋಳು ನೀಳ.
ಸೋಫುಸ್ ಹೇಳಿದಲ್ಲಿ ತುದಿ ಊರಬೇಕು:
ಒಂದನೇ ಮುದ್ರೆ, ಮೂರನೇ ತುತ್ತೂರಿ,
ಆಕಾಶ ಸುರುಳಿ ಸುತ್ತಿಕೊಳ್ಳುವ ಮೂಲೆ.

ಫೆರೋ ದ್ವೀಪದ ಬಡಗಣ ತುದಿ, ಇಪ್ಪತ್ತೆರಡು ಮನೆ,
ಹೊಗೆ ಕಾರುವ ಒಲೆಯ ಸಭಾಮನೆ ಒಂದು.
ಹಳೆಯ ಹಾಯಿಬಟ್ಟೆಯ ಮೇಲೆ ಲೋಕದ ಕೊನೆ
ಗೋಡೆಗೆ ತೂಗುತ್ತಿತ್ತು, ನಾಲ್ಕೇ ಮೊಳೆಗೆ.
ಸೋಫುಸ್ ವಾರವಿಡೀ ದೋಣಿಗೆ ಬಣ್ಣ ಬಳಿಯುವವನು,
ಮಿಕ್ಕ ಬಣ್ಣವೆಲ್ಲ ಪ್ರವಾದನೆಗೆ.
ಮೃಗದ ಮೈಯ ಕೆಂಪು
ಸಾಮಲನ ದೋಣಿಯ ಅಡಿಗೆ ಬಳಿದು ಉಳಿದದ್ದು.
ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ.

ಹತ್ತು ಕೊಂಬು. ಆರನೆಯದಕ್ಕೆ ಮೂರು ಸಲ ತೇಪೆ:
ಎಲ್ಲೋ ಒಬ್ಬ ರಾಜ ಸತ್ತ, ಇನ್ನೊಬ್ಬ ಎದ್ದ,
ಹೆಸರು ಅಳಿಸು, ಹೆಸರು ಬರೆ.
ಕೋಪನ್‌ಹೇಗನ್ನಿನ ಪತ್ರಿಕೆ ಬರುವುದು ಎಂಟು ದಿನಕ್ಕೆ,
ಹಾಗಾಗಿ ಲೋಕಾಂತ್ಯವೂ ನಮ್ಮೂರಿಗೆ ಎಂಟು ದಿನ ತಡ
ಎಂದು ಅಪ್ಪ ಮೀಸೆಯಲ್ಲೇ ನಗುತ್ತಿದ್ದ.
ಸೋಫುಸ್ ನಗುವವನಲ್ಲ.
ದಿನವೆಂದರೆ ವರ್ಷ, ವಾರವೆಂದರೆ ಏಳು ವರ್ಷ,
ಕಾಲವೆಂದರೆ, ಕಾಲವೆಂದರೆ, ತಾಳಿ,
ಸೀಮೆಸುಣ್ಣದಲ್ಲಿ ಕೂಡಿಸಿ, ಕಳೆದು, ಒರೆಸಿ,
ಜನವರಿಯಲ್ಲೂ ಬೆವರುತ್ತಿದ್ದ.

ಕೊನೆಯ ಬೆಂಚಿನಲ್ಲಿ ಓಲುವಾ. ಸಾಮಲನ ಹೆಂಡತಿ.
ಕಾಲುಚೀಲ ಹೆಣೆಯುತ್ತಿದ್ದಳು, ದೊಡ್ಡ ಅಳತೆಯವು.
ಯಾರ ಪಾದಕ್ಕೆ ಎಂದು ಕೇಳುವ ಧೈರ್ಯ
ಊರಲ್ಲಿ ಯಾರಿಗೂ ಇರಲಿಲ್ಲ.

ಒಂದು ರಾತ್ರಿ, ಏಳನೇ ಬಟ್ಟಲು ಸುರಿದಾದ ಮೇಲೆ,
ಗುಡ್ಡ ಬೆಟ್ಟ ಎಲ್ಲ ನೆಲಸಮವಾದ ಮೇಲೆ,
ಕಡ್ಡಿ ನಿಲ್ಲಿಸಿ ಕೇಳಿದಳು:
'ಸೋಫುಸ್, ಈ ಪಟದಲ್ಲಿ ಕಡಲು ಎಲ್ಲಿದೆ?'

ನನ್ನ ಕೋಲು ಹುಡುಕಿತು. ಬೆಂಕಿ ಇತ್ತು, ಗಂಧಕವಿತ್ತು,
ಕುದುರೆ ನಾಲ್ಕು, ಬಿಳಿಯ ಸಿಂಹಾಸನ,
ಕಿಟಕಿಯಾಚೆ ಅಷ್ಟು ಹೊತ್ತೂ ಬಂಡೆಗೆ ಬಡಿಯುತ್ತಿದ್ದದ್ದು
ಬಟ್ಟೆಯಲ್ಲಿ ಇರಲಿಲ್ಲ.

'ಕಡಲೇ ಇಲ್ಲವಾಗುತ್ತದೆ ಅನ್ನುತ್ತೀಯಲ್ಲ,
ಅದಕ್ಕೆ ಮೊದಲು ತನ್ನ ಹೊಟ್ಟೆಯಲ್ಲಿರುವವರನ್ನು
ಒಪ್ಪಿಸಿ ಹೋಗುತ್ತದೋ, ಹಾಗೇ ಹೋಗುತ್ತದೋ?'

ಸೋಫುಸ್ ಹೆಬ್ಬೆರಳು ಒದ್ದೆ ಮಾಡಿ ಹಾಳೆ ತಿರುವಿದ.
'ಒಪ್ಪಿಸುತ್ತದೆ. ಅದೇ ಮೊದಲು.'
'ಎಲ್ಲರನ್ನೂ?'
'ಎಲ್ಲರನ್ನೂ.'
'ಹದಿನೇಳರವನನ್ನು ಹದಿನೇಳರವನಾಗಿಯೇ?'
ಅದಕ್ಕೆ ಹಾಳೆ ಸಿಗಲಿಲ್ಲ.

'ಹಾಗಾದರೆ ಅದು ತೀರ್ಪಿನ ದಿನವಲ್ಲ ನನಗೆ,
ಸಾಲ ವಸೂಲಿಯ ದಿನ,' ಅಂದಳು.
ಗಂಡಸರು ಬೂಟು ನೋಡಿಕೊಂಡರು.
ಯಾರೋ ಒಲೆಗೆ ಪೀಟ್ ಹಾಕಿದರು.
ಮಾತು ಮುಗಿಯಿತು ಅಂದುಕೊಂಡೆವು. ಮುಗಿದಿರಲಿಲ್ಲ.

'ಆ ಬೆಳಿಗ್ಗೆ ಎಲಿಯೆಸರ್ ಹೊಟ್ಟೆನೋವು ಅಂದ.
ಸೋಮಾರಿ, ಎದ್ದೇಳು, ಅಪ್ಪನೊಬ್ಬನೇ ಬಲೆ ಎಳೆಯುತ್ತಾನೆಯೇ
ಅಂತ ಹೊದಿಕೆ ಕಿತ್ತವಳು ನಾನು.
ಪುಸ್ತಕಗಳು ತೆರೆಯುತ್ತವೆ ಅನ್ನುತ್ತೀಯಲ್ಲ,
ನನ್ನ ಆ ಸಾಲನ್ನು ಗಟ್ಟಿಯಾಗಿ ಓದುವವರು ಯಾರು?
ದೇವರಾದರೆ ಸರಿ, ತಡೆದುಕೊಂಡೇನು.
ಅವನೇ ಓದಿದರೆ?'

ಗಾಳಿ ಚಿಮಣಿಯೊಳಗೆ ಇಳಿದು ಹತ್ತಿತು.
ಹತ್ತು ಕೊಂಬಿನ ಲೆಕ್ಕ ಬಲ್ಲವನು
ನನ್ನ ಕೈಯಿಂದ ಕೋಲು ತೆಗೆದುಕೊಂಡು
ಮೂಲೆಗಿಟ್ಟ, ಕೊಡೆಯ ಪಕ್ಕ.
ಆ ರಾತ್ರಿ ಕೊನೆಯ ಪ್ರಾರ್ಥನೆಯೂ ಆಗಲಿಲ್ಲ.

ಮುಂದಿನ ಮಂಗಳವಾರ ಪಟದ ಅಡಿಯಲ್ಲಿ,
ಈ ತುದಿಯಿಂದ ಆ ತುದಿಗೆ, ಒಂದು ಗೇಣು ನೀಲಿ.
ಮೇಲೆ ಹೆಸರಿಲ್ಲ, ಇಸವಿ ಇಲ್ಲ, ಬಾಣದ ಗುರುತಿಲ್ಲ.
ಕುಂಚದ ಕೂದಲೊಂದು ಅಂಟಿಕೊಂಡಿತ್ತು.
ಓಲುವಾ ಬಂದಳು, ನೋಡಿದಳು,
ಹಿಂದಿನ ಬೆಂಚಿಗೇ ಹೋಗಿ ಕೂತಳು,
ನೂಲಿನ ಉಂಡೆ ಬಿಚ್ಚಿದಳು.

ಸೋಫುಸ್ ಬಾಗಿ ನನ್ನ ಕಿವಿಯಲ್ಲಿ ಹೇಳಿದ:
ಎಲ್ಲಿ ಬೇಕಾದರೂ ಕೋಲು ಊರು, ಮಗೂ,
ಅಲ್ಲಿ ಮಾತ್ರ ಬೇಡ,
ಬಣ್ಣ ಇನ್ನೂ ಆರಿಲ್ಲ.

ಆರು ವರ್ಷ, ನಾನು ಊರು ಬಿಡುವ ತನಕ,
ಪ್ರತಿ ಮಂಗಳವಾರ
ಹಾಗೇ ಹೇಳಿದ.